ಪ್ಲಾಟು, ಮನೆ ಮಾರುವ ಜಾಹೀರಾತನ್ನು ಎಐ ಕೈಲಿ ಬರೆಸುವುದು ಹೇಗೆ

ಹೋದ ಬೇಸಿಗೆಯಲ್ಲಿ ಕಲಬುರಗಿಯ ಜೇವರ್ಗಿ ರಸ್ತೆ ಕಡೆಯ ಒಂದು ಮನೆ ನನ್ನ ಕಡೆ ಮಾರಾಟಕ್ಕೆ ಬಂದಿತ್ತು. ಚಾಟ್‌ಜಿಪಿಟಿ ತೆರೆದು ಒಂದೇ ಸಾಲು ಹಾಕಿದೆ: "ಕಲಬುರಗಿಯಲ್ಲಿ 30x40 ಮನೆ ಮಾರಾಟಕ್ಕಿದೆ, ಒಂದು ಚೆಂದದ ಜಾಹೀರಾತು ಬರೆದುಕೊಡು." ಅರ್ಧ ನಿಮಿಷದಲ್ಲಿ ಬಂತು. ಓದೋಕೂ ಚೆಂದವೇ ಇತ್ತು. ಹಾಗೇ ಕಾಪಿ ಮಾಡಿ ವಾಟ್ಸಾಪ್ ಗ್ರೂಪುಗಳಿಗೆ ಹಾಕಿಬಿಟ್ಟೆ.

ಮರುದಿನ ಸೇಡಂನಿಂದ ಒಬ್ಬರು ಹೆಂಡತಿ, ಅತ್ತೆ ಸಮೇತ ಬಂದರು. ಅತ್ತೆಯವರು ಹಾಲ್ ನೋಡಲಿಲ್ಲ, ಬೆಡ್‌ರೂಮ್ ನೋಡಲಿಲ್ಲ. ಸೀದಾ ಅಡುಗೆ ಮನೆಗೆ ಹೋಗಿ ನಳ ತಿರುವಿದರು. ಗಾಳಿ ಬಂತು. "24 ತಾಸು ನೀರು ಅಂತ ಬರದೀಯಲ್ಲ ತಮ್ಮಾ, ಎಲ್ಲಿ ಅದ ನೀರು?" ಅಂದರು.

ಆ ಸಾಲು ಬರೆದದ್ದು ನಾನಲ್ಲ, ಎಐ. ಆದರೆ ಕೆಳಗಿದ್ದ ಫೋನ್ ನಂಬರು ನನ್ನದು.

ಅದು ಬೇಕಂತ ಸುಳ್ಳು ಹೇಳಿದ್ದಲ್ಲ. ಎಐ ನಿಮ್ಮ ಮನೆಯನ್ನು ನೋಡಿಲ್ಲ. ಸಾವಿರಾರು ಜಾಹೀರಾತು ಓದಿದೆ, ಅವುಗಳಲ್ಲಿ ಸಾಮಾನ್ಯವಾಗಿ ಯಾವ ಮಾತಿನ ಪಕ್ಕ ಯಾವ ಮಾತು ಬರುತ್ತದೆ ಅಂತ ಕಲಿತಿದೆ. ನಾನು ಒಂದು ಸಾಲು ಕೊಟ್ಟೆ, ಉಳಿದ ಒಂಬತ್ತು ಸಾಲನ್ನು ಅದು ಬೇರೆಯವರ ಮನೆಗಳಿಂದ ತುಂಬಿಕೊಂಡಿತು. ನಮ್ಮ ಊರಿನ ಕೆಲವು ವಾರ್ಡುಗಳಲ್ಲಿ ಹಿಂದೆ ವಿಶ್ವ ಬ್ಯಾಂಕ್ ನೆರವಿನಿಂದ 24 ಗಂಟೆ ನೀರಿನ ಪ್ರಯೋಗ ಆಗಿದ್ದೂ ಉಂಟು. ಆ ಸುದ್ದಿಯನ್ನೂ ಅದು ಓದಿರಬಹುದು. ಆದರೆ ಈ ಓಣಿಯ ಈ ನಳದಲ್ಲಿ ನೀರು ಯಾವಾಗ ಬರುತ್ತದೆ ಅನ್ನೋದು ಪಕ್ಕದ ಮನೆಯವರಿಗೆ ಗೊತ್ತು, ಎಐಗೆ ಗೊತ್ತಿಲ್ಲ.

ಅದಾದ ಮೇಲೂ ನಾನು ಎಐ ಬಿಟ್ಟಿಲ್ಲ. ಕೆಲಸ ಮಾಡುವ ಕ್ರಮ ಬದಲಿಸಿಕೊಂಡೆ, ಅಷ್ಟೇ. ಈಗ ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ನೀವು ಏಜೆಂಟ್ ಆಗಿರಲಿ, ಸ್ವಂತ ಮನೆ ಮಾರುತ್ತಿರಲಿ, ಕ್ರಮ ಒಂದೇ.

ಮೊದಲು ಮನೆ ಸುತ್ತಿ, ಆಮೇಲೆ ಎಐ ತೆರೆಯಿರಿ

ಅರ್ಧ ತಾಸು ಬೇಕು. ಒಂದು ಟೇಪು, ಮೊಬೈಲು ಸಾಕು. ಬರೆದುಕೊಳ್ಳೋದು ಬೇಸರ ಅನ್ನಿಸಿದರೆ ವಾಯ್ಸ್ ಟೈಪಿಂಗ್ ಹಾಕಿ, ನೋಡಿದ್ದನ್ನು ನೋಡಿದ ಹಾಗೆ ಮಾತಾಡುತ್ತಾ ಹೋಗಿ. ನಮ್ಮ ಭಾಷೆಯಲ್ಲೇ ಮಾತಾಡಿ, ಎಐಗೆ ಬಹುಪಾಲು ತಿಳಿಯುತ್ತದೆ. ವಾಯ್ಸ್ ಟೈಪಿಂಗ್ ಮಾತ್ರ ಒಮ್ಮೊಮ್ಮೆ ಕೈ ಕೊಡುತ್ತದೆ. ನನ್ನ ಮೊಬೈಲು "ಫರ್ಸಿ" (ನೆಲಕ್ಕೆ ಹಾಸುವ ಕಲ್ಲು) ಅಂದರೆ "ಪರ್ಸ್" ಅಂತ ಬರೆಯುತ್ತದೆ. ಹಿತ್ತಲಲ್ಲಿ ಪರ್ಸ್ ಹಾಸಿದೆ ಅಂತ ಓದಿಕೊಂಡು ನಾನೇ ನಕ್ಕಿದ್ದೇನೆ.

ನಮ್ಮ ಕಡೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ನೀರು. ಹಾಗಾಗಿ ಅಲ್ಲಿಂದಲೇ ಶುರು ಮಾಡಿ. ನಳದ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು? ಬೋರ್ ಇದೆಯಾ, ಮೇ ತಿಂಗಳಲ್ಲಿ ಅದು ಏನಾಗುತ್ತದೆ? ಸಂಪ್ ಎಷ್ಟು ಲೀಟರಿನದು? ಬೋರಿನ ನೀರು ಕುಡಿಯೋಕೆ ಬರುತ್ತದಾ, ಬರೀ ಬಳಸೋಕಾ? ಮಾಲೀಕರು "ನೀರಿಗೆ ಏನೂ ತ್ರಾಸಿಲ್ಲ" ಅಂತಲೇ ಹೇಳುತ್ತಾರೆ. ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ.

ಎರಡನೆಯದು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಇದು. ಪಶ್ಚಿಮದ ಗೋಡೆಗೆ ಏನಾದರೂ ನೆರಳಿದೆಯಾ? ಯಾವ ಬೆಡ್‌ರೂಮು ಆ ಕಡೆ ಇದೆ? ಮೇಲೆ ಆರ್‌ಸಿಸಿನಾ, ತಗಡಿನ ಪತ್ರಾನಾ? ನೆಲಕ್ಕೆ ಟೈಲ್ಸಾ, ಶಹಾಬಾದ್ ಫರ್ಸಿನಾ? ಬೆಂಗಳೂರಿನ ಜಾಹೀರಾತುಗಳಲ್ಲಿ ಈ ಪ್ರಶ್ನೆಗಳು ಕಾಣುವುದಿಲ್ಲ, ಹಾಗಾಗಿ ಎಐಗೂ ತಾನಾಗಿ ಹೊಳೆಯುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಫರ್ಸಿ ಮೇಲೆ ಚಾಪೆ ಹಾಸಿ ಮಲಗಿದವರಿಗೆ ಮಾತ್ರ ಆ ಕಲ್ಲಿನ ಬೆಲೆ ಗೊತ್ತು.

ದಿಕ್ಕನ್ನು ಮೊಬೈಲಿನ ದಿಕ್ಸೂಚಿಯಲ್ಲಿ ನೋಡಿ. ಅಂದಾಜು ಬೇಡ. ಪ್ಲಾಟಿನ ಮುಖ ಒಂದು ಕಡೆ, ಮನೆಯ ಬಾಗಿಲು ಇನ್ನೊಂದು ಕಡೆ ಇರುವುದು ಬೇಕಾದಷ್ಟಿದೆ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಎಐಗೆ "ಪೂರ್ವಕ್ಕೆ ಬಾಗಿಲು" ಅಂದರೆ ಸಾಕು, "ಸಂಪೂರ್ಣ ವಾಸ್ತು ಪ್ರಕಾರ" ಅಂತ ಸೇರಿಸಿಬಿಡುತ್ತದೆ. ಆಮೇಲೆ ಕೊಳ್ಳುವವರು ಕರೆತಂದ ವಾಸ್ತು ಪಂಡಿತರಿಗೆ ನೀವು ಉತ್ತರ ಹೇಳುತ್ತಾ ಕೂರಬೇಕು.

ದೂರವನ್ನು ಸ್ಕೂಟರ್ ಮೇಲೆ ಹೋಗಿ ಅಳೆಯಿರಿ. ಸೂಪರ್ ಮಾರ್ಕೆಟ್‌ಗೆ ಬೆಳಿಗ್ಗೆ ಏಳಕ್ಕೆ ಹಿಡಿಯುವ ಹೊತ್ತು ಬೇರೆ, ಸಂಜೆ ಏಳಕ್ಕೆ ಬೇರೆ. ಸೇಡಂ ರಸ್ತೆಯ ಪ್ಲಾಟುಗಳದ್ದಂತೂ ಒಂದು ದೊಡ್ಡ ಕಥೆ. 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಆ ರಸ್ತೆಯ ಪ್ರತಿ ಪ್ಲಾಟೂ ಜಾಹೀರಾತಿನಲ್ಲಿ "ಏರ್‌ಪೋರ್ಟ್‌ಗೆ 5 ನಿಮಿಷ" ಆಗಿದೆ. ಎಐ ಇಂಥವನ್ನೇ ಓದಿ ಇಂಥವನ್ನೇ ಬರೆಯುತ್ತದೆ.

ನಮ್ಮ ಆ ಜೇವರ್ಗಿ ರಸ್ತೆ ಮನೆಗೆ ಎರಡನೇ ಸಲ ಹೋಗಿ ನಾನು ಮಾಡಿಕೊಂಡ ಟಿಪ್ಪಣಿ ಹೀಗಿತ್ತು:

"ಪ್ಲಾಟ್ 30x40, ಪೂರ್ವಕ್ಕ ಬಾಗಿಲು. ಕೆಳಗ 2 ಬೆಡ್‌ರೂಮ್, ಹಾಲ್, ಅಡಗಿ ಮನಿ, ಸಣ್ಣ ದೇವರ ಮನಿ. ಮ್ಯಾಲ ಒಂದು ಪತ್ರಾದ ರೂಮ್. ಒಳಗ ಟೈಲ್ಸ್, ಹಿತ್ತಲದಾಗ ಶಹಾಬಾದ್ ಫರ್ಸಿ. ನಳದ ನೀರು 4 ದಿನಕ್ಕೊಮ್ಮೆ. ಬೋರ್ ಅದ, ಬ್ಯಾಸಿಗ್ಯಾಗ ಕಡಿಮಿ. ಸಂಪ್ 6,000 ಲೀಟರ್. ಮುಂದ 30 ಫೂಟ್ ಸಿಮೆಂಟ್ ರಸ್ತೆ. ಕಾರು ಒಳಗ ಹೋಗಂಗಿಲ್ಲ. ಪಶ್ಚಿಮಕ್ಕ ಒಂದು ಬೇವಿನ ಗಿಡ. 2011ರಾಗ ಕಟ್ಟಿದ್ದು. ರಾಮ ಮಂದಿರ ಸರ್ಕಲ್‌ಗೆ ಸ್ಕೂಟರ್ ಮ್ಯಾಲ 7 ನಿಮಿಷ."

ಕಾಗದ ಪತ್ರದ ಮಾತು ಎಐಗೆ ಬಿಡಬೇಡಿ

ಉಳಿದ ಕಡೆ ತಪ್ಪಾದರೆ ಬೈಸಿಕೊಳ್ಳಬೇಕಾಗುತ್ತದೆ. ಇಲ್ಲಿ ತಪ್ಪಾದರೆ ವಕೀಲರ ಹತ್ತಿರ ಹೋಗಬೇಕಾಗುತ್ತದೆ. ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನಮ್ಮ ಕಡೆ ಎಲ್ಲರೂ "ಎನ್‌ಎ (ನಾನ್ ಅಗ್ರಿಕಲ್ಚರಲ್) ಪ್ಲಾಟ್" ಅನ್ನುತ್ತೇವೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಹೊಲವನ್ನು ಬೇರೆ ಬಳಕೆಗೆ ಬದಲಿಸಲಾಗಿದೆ ಅಂತ ಅದರ ಅರ್ಥ. ಅಷ್ಟೇ ಅರ್ಥ. ಲೇಔಟ್ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಸಿಗುವುದು ಬೇರೆ ಕೆಲಸ. ಎಐಗೆ ಈ ವ್ಯತ್ಯಾಸ ಕೇಳಿದರೆ ಚೆನ್ನಾಗಿಯೇ ವಿವರಿಸುತ್ತದೆ. ಆದರೆ ಜಾಹೀರಾತು ಬರೆ ಅಂದಾಗ ಮರೆತುಬಿಡುತ್ತದೆ. ಒಮ್ಮೆ ನಾನು "ಎನ್‌ಎ ಆಗಿದೆ" ಅಂತ ಕೊಟ್ಟರೆ ಅದು "ಎಲ್ಲಾ ಮಂಜೂರಾತಿ ಪಡೆದ ಲೇಔಟ್" ಅಂತ ಮಾಡಿತ್ತು. ರಾತ್ರಿ ಹತ್ತೂವರೆಗೆ ಕಣ್ಣಿಗೆ ಬಿತ್ತು, ಪುಣ್ಯ.

ರಿಂಗ್ ರೋಡ್ ಆಚೆ ಹಳ್ಳಿಗಳ ಹದ್ದಿನ ಪ್ಲಾಟುಗಳಲ್ಲಿ ಪಂಚಾಯಿತಿಯ ನಮೂನೆ 9, ನಮೂನೆ 11 ಅನ್ನುವ ಆಸ್ತಿ ದಾಖಲೆಗಳು ಇರುತ್ತವೆ. ಕೈಯಲ್ಲಿರುವುದು 11-ಬಿ ಆಗಿದ್ದು ಜಾಹೀರಾತಿನಲ್ಲಿ 11-ಎ ಅಂತ ಬಿದ್ದರೆ ಅದು ಟೈಪಿಂಗ್ ತಪ್ಪು ಅನ್ನಿಸಿಕೊಳ್ಳುವುದಿಲ್ಲ. ಕೊಳ್ಳುವವರು ಬೇರೆ ಆಸ್ತಿಯನ್ನೇ ಓದಿದ ಹಾಗಾಗುತ್ತದೆ.

"ಕ್ಲಿಯರ್ ಟೈಟಲ್" (ಮಾಲೀಕತ್ವಕ್ಕೆ ತಕರಾರಿಲ್ಲ) ಅನ್ನೋದು ಎಐಗೆ ಬಹಳ ಇಷ್ಟದ ಮಾತು. ಅದನ್ನು ಹೊಡೆದುಹಾಕಿ. ಅದು ಕಾಗದ ನೋಡಿದ ವಕೀಲರು ಹೇಳಬೇಕಾದ ಮಾತು. ನೀವು ಕೈಯಲ್ಲಿ ಏನಿದೆ ಅಂತ ಮಾತ್ರ ಬರೆಯಿರಿ: ಸೇಲ್ ಡೀಡ್, ಇ-ಖಾತಾ, ಈ ವರ್ಷದ ತೆರಿಗೆ ರಸೀದಿ, ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಇಸಿ (ಋಣಭಾರ ಪ್ರಮಾಣಪತ್ರ). ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಇಸಿ ಸಿಗುತ್ತದೆ. ಅದಕ್ಕೂ ಹಿಂದಿನದು ಬೇಕಂದರೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು.

ಹೊಸ ಲೇಔಟ್, ಅಪಾರ್ಟ್‌ಮೆಂಟ್‌ಗಳ ಜಾಹೀರಾತಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೆನಪಿರಲಿ. 2016ರ ಕಾಯ್ದೆ ಅದು. 500 ಚದರ ಮೀಟರ್ ಮೀರದ ಜಾಗದ ಅಥವಾ 8 ಮನೆ ಮೀರದ ಪ್ರಾಜೆಕ್ಟುಗಳನ್ನು ಬಿಟ್ಟರೆ, ಹೊಸ ಪ್ರಾಜೆಕ್ಟನ್ನು ನೋಂದಣಿ ಮಾಡಿಸದೆ ಜಾಹೀರಾತೇ ಕೊಡುವಂತಿಲ್ಲ. ವಾಟ್ಸಾಪ್ ಮೆಸೇಜೂ ಜಾಹೀರಾತೇ. ಬಿಲ್ಡರ್ ಕೊಡುವ ಜಾಹೀರಾತಿನಲ್ಲಿ ನೋಂದಣಿ ನಂಬರು, ರೇರಾ ವೆಬ್‌ಸೈಟ್ ವಿಳಾಸ ಇರಲೇಬೇಕು. ಅಂಥ ಪ್ರಾಜೆಕ್ಟಿನ ಪ್ಲಾಟು, ಫ್ಲಾಟು ಮಾರುವ ಏಜೆಂಟೂ ನೋಂದಣಿ ಮಾಡಿಸಿರಬೇಕು. ಅದೇ ಕಾಯ್ದೆಯ 12ನೇ ಕಲಂ ಇನ್ನೂ ಖಾರವಾಗಿದೆ. ಜಾಹೀರಾತಿನ ಸುಳ್ಳು ನಂಬಿ ದುಡ್ಡು ಕಟ್ಟಿದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು, ಅವರು ಬೇಡ ಅಂದರೆ ಕಟ್ಟಿದ ದುಡ್ಡು ಬಡ್ಡಿ ಸಮೇತ ವಾಪಸ್ ಕೊಡಬೇಕು. "ಎಐ ಬರೆದಿತ್ತು ಸಾಹೇಬ್ರೆ" ಅಂದರೆ ಯಾರೂ ಕೇಳುವುದಿಲ್ಲ. ಇನ್ನೊಂದು ವಿಷಯ. ರೇರಾ ನಂಬರನ್ನು ಎಂದೂ ಎಐ ಹತ್ತಿರ ಕೇಳಬೇಡಿ. ಅದು ನಂಬರಿನ ಹಾಗೇ ಕಾಣುವ ಇನ್ನೇನನ್ನೋ ಕೊಟ್ಟುಬಿಡಬಹುದು. ಪ್ರಮಾಣಪತ್ರ ನೋಡಿ ನೀವೇ ಟೈಪ್ ಮಾಡಿ.

ಅಳತೆಯೂ ಹಾಗೇ. 1 ಗುಂಟೆಗೆ 1,089 ಚದರ ಅಡಿ, 40 ಗುಂಟೆಗೆ 1 ಎಕರೆ. ಈ ಲೆಕ್ಕವನ್ನು ನೀವೇ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ಉತ್ತರ ಕೊಡಿ. 30x40 ಅಂದ ಕೂಡಲೇ ಎಐ 1,200 ಚದರ ಅಡಿಯ ಮನೆ ಅಂತ ಬರೆಯುತ್ತದೆ. 1,200 ಪ್ಲಾಟಿನದು, ಕಟ್ಟಡದ್ದಲ್ಲ. ಒಂದು ಬದಿ 40ರ ಬದಲು 37 ಇರುವ ಪ್ಲಾಟುಗಳೂ ನಮ್ಮಲ್ಲಿ ಕಡಿಮೆ ಇಲ್ಲ.

ಎಐಗೆ ಏನು ಹೇಳಬೇಕು

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್, ಯಾವುದಾದರೂ ನಡೆಯುತ್ತದೆ. ಉಚಿತದ್ದೇ ಸಾಕು. ನಾನು ಟಿಪ್ಪಣಿಯ ಮೇಲೆ ಈ ಮಾತುಗಳನ್ನು ಹಾಕುತ್ತೇನೆ. ನೀವೂ ಹಾಗೇ ಬಳಸಬಹುದು:

"ಕೆಳಗಿನ ಟಿಪ್ಪಣಿಯಿಂದ ಮನೆ ಮಾರಾಟದ ಜಾಹೀರಾತು ಬರೆ. ಟಿಪ್ಪಣಿಯಲ್ಲಿ ಇರುವುದನ್ನು ಮಾತ್ರ ಬಳಸು, ಇಲ್ಲದ ಯಾವ ಸೌಲಭ್ಯವನ್ನೂ ಸೇರಿಸಬೇಡ. ಮುಖ್ಯವಾದದ್ದು ಏನಾದರೂ ಬಿಟ್ಟುಹೋಗಿದ್ದರೆ ಬರೆಯುವ ಮೊದಲು ನನ್ನನ್ನು ಕೇಳು. ಓದುವವರು ಇಬ್ಬರು ಮಕ್ಕಳಿರುವ ನೌಕರರ ಕುಟುಂಬ. 100 ಪದ ಮೀರಬಾರದು. ಮೊದಲ ಸಾಲಿನಲ್ಲಿ ಏರಿಯಾ, ಅಳತೆ, ಬೆಲೆ ಬರಲಿ. ಕೊರತೆಯನ್ನೂ ನೇರವಾಗಿ ಹೇಳು. ಪ್ಲಾಟ್, ಬೋರ್, ನಳ, ಫರ್ಸಿ, ಸಂಪ್ ಅನ್ನುವ ಮಾತುಗಳನ್ನು ಬದಲಿಸಬೇಡ. ಕನಸಿನ ಮನೆ, ಸುವರ್ಣಾವಕಾಶ, ಐಷಾರಾಮಿ, ಪ್ರಶಾಂತ ವಾತಾವರಣ, ಇವು ಬೇಡ."

ಇದರಲ್ಲಿ "ಬರೆಯುವ ಮೊದಲು ನನ್ನನ್ನು ಕೇಳು" ಅನ್ನೋ ಸಾಲನ್ನು ಮಾತ್ರ ಬಿಡಲೇಬೇಡಿ. ನನ್ನ ಟಿಪ್ಪಣಿ ಓದಿ ಅದು ಬೆಲೆ ಕೇಳಿತು, ಸಾಲ ಇದೆಯಾ ಅಂತ ಕೇಳಿತು. ಕೊನೆಗೆ, ಮೇಲಿನ ರೂಮಿಗೆ ಮೆಟ್ಟಿಲು ಒಳಗಿನಿಂದಲೋ ಹೊರಗಿನಿಂದಲೋ ಅಂತ ಕೇಳಿತು. ಇದು ನನಗೆ ಹೊಳೆದೇ ಇರಲಿಲ್ಲ. ಹೊರಗಿನಿಂದ ಮೆಟ್ಟಿಲಿದ್ದರೆ ಆ ರೂಮನ್ನು ಓದುವ ಹುಡುಗರಿಗೆ ಕಿರಾಯಿಗೆ ಕೊಡಬಹುದು. ಕೊಳ್ಳುವವರಿಗೆ ಅದು ದೊಡ್ಡ ಮಾತು.

ಸೇಲ್ ಡೀಡ್, ಆಧಾರ್, ಮಾಲೀಕರ ಹೆಸರು, ನಂಬರು ಇವನ್ನು ಎಐಗೆ ಕೊಡಬೇಡಿ. ಜಾಹೀರಾತಿಗೆ ಅವು ಬೇಕಾಗಿಯೂ ಇಲ್ಲ. ಫೋನ್ ನಂಬರನ್ನು ಕೊನೆಗೆ ನೀವೇ ಸೇರಿಸಿ.

ಬಂದದ್ದನ್ನು ಪೆನ್ನು ಹಿಡಿದು ಓದಿ

ಇಷ್ಟೆಲ್ಲ ಹೇಳಿದರೂ ಎಐ ಜಾರುತ್ತದೆ. ನನಗೆ ಬಂದ ಮೊದಲ ಕರಡಿನಲ್ಲಿ ಒಂದು ಬೇವಿನ ಗಿಡ "ಹಸಿರಿನಿಂದ ಸುತ್ತುವರಿದ ಪರಿಸರ" ಆಗಿತ್ತು. ಬೇಸಿಗೆಯಲ್ಲಿ ಕಡಿಮೆಯಾಗುವ ಬೋರು "ಬೋರ್ ನೀರಿನ ಅನುಕೂಲ" ಆಗಿತ್ತು. ಸುಳ್ಳೇನಲ್ಲ, ಆದರೆ ಅರ್ಧ ಮಾತು ನುಂಗಿತ್ತು. ಎಲ್ಲಕ್ಕಿಂತ ಮಜಾ ಅಂದರೆ "ಪತ್ರಾದ ರೂಮ್". ತಗಡು ಹೊದಿಸಿದ ರೂಮು ಅಂತ ನಮ್ಮ ಕಡೆ ಯಾರಿಗಾದರೂ ಗೊತ್ತು. ಎಐ ಅದನ್ನು ಕಾಗದ ಪತ್ರ ಅಂತ ತಿಳಿದು "ಮೇಲಿನ ಕೋಣೆಗೆ ದಾಖಲೆ ಪತ್ರಗಳು ಲಭ್ಯವಿವೆ" ಅಂತ ಬರೆದಿತ್ತು! ಪ್ಲಾನ್‌ನಲ್ಲಿ ಇಲ್ಲದ ರೂಮಿಗೆ ದಾಖಲೆ ಹುಟ್ಟಿಸಿಬಿಟ್ಟಿತ್ತು. ಅಂದಿನಿಂದ ನಮ್ಮ ಕಡೆಯ ಮಾತು ಬಂದಲ್ಲೆಲ್ಲ ಪಕ್ಕದಲ್ಲಿ ಅರ್ಥ ಹಾಕುತ್ತೇನೆ: "ಪತ್ರಾ ಅಂದರೆ ತಗಡಿನ ಶೀಟು."

ಹಿಡಿಯುವ ಉಪಾಯ ಸುಲಭ. ಕರಡು ಬಂದ ಮೇಲೆ "ಪ್ರತಿ ಸಾಲೂ ಟಿಪ್ಪಣಿಯ ಯಾವ ಮಾತಿನಿಂದ ಬಂತು, ಎದುರು ಬದುರು ಹಾಕಿ ತೋರಿಸು" ಅಂತ ಕೇಳಿ. ಎದುರಿಗೆ ಏನೂ ಇಲ್ಲದ ಸಾಲನ್ನು ಹೊಡೆದುಹಾಕಿ. ಅದು ತೋರಿಸಿದ್ದನ್ನೇ ನಂಬಬೇಡಿ, ನೀವೂ ಒಂದು ಸಲ ಬೆರಳಿಟ್ಟು ನೋಡಿ. ಆಮೇಲೆ ಮಾಲೀಕರಿಗೆ ಗಟ್ಟಿಯಾಗಿ ಓದಿ ಹೇಳಿ. ಆ ಮನೆಯ ಮಾಲೀಕರಾದ ಕಾಕಾ ಕೇಳಿಸಿಕೊಂಡು "ಬೋರ್ ಕಡಿಮಿ ಅಂತ ಯಾಕ್ ಬರಸ್ತಿಯಪಾ, ಗಿರಾಕಿ ಓಡಿ ಹೋಗ್ತಾರ" ಅಂದರು. ಸೇಡಂನ ಅತ್ತೆಯವರ ಕಥೆ ಹೇಳಿದೆ. ಸುಮ್ಮನಾದರು.

ಮೂರನೇ ಸುತ್ತಿಗೆ, ನನ್ನ ಕೈಯಾಡಿಸಿದ ಮೇಲೆ, ಜಾಹೀರಾತು ಹೀಗಾಯಿತು. ಮೊದಲ ಸಾಲಿನ ಬೆಲೆಯನ್ನು ಇಲ್ಲಿ ಬಿಟ್ಟಿದ್ದೇನೆ:

"ಜೇವರ್ಗಿ ರಸ್ತೆ ಕಡೆ, 30x40 ಪ್ಲಾಟಿನಲ್ಲಿ 2 ಬೆಡ್‌ರೂಮ್ ಮನೆ. ಪೂರ್ವಕ್ಕೆ ಬಾಗಿಲು. ಹಾಲ್, ಅಡುಗೆ ಮನೆ, ದೇವರ ಮನೆ. 2011ರಲ್ಲಿ ಕಟ್ಟಿದ್ದು. ಒಳಗೆ ಟೈಲ್ಸ್, ಹಿತ್ತಲಿಗೆ ಶಹಾಬಾದ್ ಫರ್ಸಿ. ಪಶ್ಚಿಮದ ಗೋಡೆಗೆ ಬೇವಿನ ಗಿಡದ ನೆರಳು. ನಳದ ನೀರು 4 ದಿನಕ್ಕೊಮ್ಮೆ, 6,000 ಲೀಟರ್ ಸಂಪ್. ಬೋರ್ ಇದೆ, ಬೇಸಿಗೆಯಲ್ಲಿ ನೀರು ಕಡಿಮೆ. ಮೇಲೆ ಒಂದು ಪತ್ರಾ ರೂಮ್, ಹೊರಗಿನಿಂದ ಮೆಟ್ಟಿಲು. ಮುಂದೆ 30 ಅಡಿ ಸಿಮೆಂಟ್ ರಸ್ತೆ, ಕಾರು ಹೊರಗೆ ನಿಲ್ಲಿಸಬೇಕು. ರಾಮ ಮಂದಿರ ಸರ್ಕಲ್‌ಗೆ ಸ್ಕೂಟರಿನಲ್ಲಿ 7 ನಿಮಿಷ. ಇ-ಖಾತಾ, ಇಸಿ ಕೈಯಲ್ಲಿವೆ."

ಮೊದಲಿನದ್ದರಷ್ಟು ಚೆಂದ ಇಲ್ಲ, ಒಪ್ಪುತ್ತೇನೆ. ಫೋನುಗಳೂ ಕಡಿಮೆ ಬಂದವು. ಆದರೆ ಬಂದವರು ನೀರಿನ ವಿಷಯ ಗೊತ್ತಿದ್ದೇ ಬಂದರು. ಪೆಟ್ರೋಲು, ಬಿಸಿಲು, ಬೈಗುಳ ಮೂರೂ ಉಳಿದವು.

ಉಳಿದ ಸಣ್ಣ ಪುಟ್ಟ ಕೆಲಸ

ಎಐ ಬರೆಯುವ ಕನ್ನಡ ಪುಸ್ತಕದ ಕನ್ನಡ. ಬೆಡ್‌ರೂಮನ್ನು "ಶಯನಗೃಹ" ಮಾಡುತ್ತದೆ, ಪ್ಲಾಟನ್ನು "ನಿವೇಶನ" ಮಾಡುತ್ತದೆ, ಮನೆ "ನೆಲೆಗೊಂಡಿದೆ" ಅನ್ನುತ್ತದೆ. ಫೋನಿನಲ್ಲಿ ಗಿರಾಕಿಗೆ ನೀವು ಹೇಗೆ ಹೇಳುತ್ತೀರೋ ಹಾಗೆ ಇರಲಿ. ನಿಮ್ಮದೇ ಹಳೆಯ ಎರಡು ಜಾಹೀರಾತು ಕೊಟ್ಟು "ಈ ಧಾಟಿಯಲ್ಲಿ ಬರೆ" ಅಂದರೆ ತಕ್ಕಮಟ್ಟಿಗೆ ಹಿಡಿದುಕೊಳ್ಳುತ್ತದೆ.

ಊರಿನ ಹೆಸರು ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಆದರೂ ಹೈದರಾಬಾದ್, ಸೊಲ್ಲಾಪುರದ ಕಡೆಯಿಂದ ಹುಡುಕುವವರು ಇನ್ನೂ "ಗುಲ್ಬರ್ಗಾ" ಅಂತ ಟೈಪ್ ಮಾಡುತ್ತಾರೆ. ಆನ್‌ಲೈನ್‌ನಲ್ಲಿ ಹಾಕುವಾಗ ಎರಡೂ ಹೆಸರು ಇರಲಿ.

ನಮ್ಮಲ್ಲಿ ಹಿಂದಿ, ಉರ್ದು ಓದುವ ಗಿರಾಕಿಗಳು ಬಹಳ. ತಿದ್ದಿ ಮುಗಿದ ಕನ್ನಡದ ಜಾಹೀರಾತನ್ನೇ ಕೊಟ್ಟು ಬೇರೆ ಭಾಷೆಗೆ ಮಾಡಿಸಿ. ಮತ್ತೆ ಹೊಸದಾಗಿ ಬರೆಸಿದರೆ "24 ತಾಸು ನೀರು" ವಾಪಸ್ ಬರುತ್ತದೆ! ಉರ್ದು ಓದಲು ಬರುವ ಗೆಳೆಯರಿಗೆ ಒಮ್ಮೆ ತೋರಿಸಿ, ಅಂಕಿಗಳನ್ನು ನೀವೇ ನೋಡಿ.

ಫೋಟೋ ಕೊಟ್ಟರೆ ಅದನ್ನು ನೋಡಿಯೂ ಎಐ ವಿವರಣೆ ಬರೆಯುತ್ತದೆ. ಆದರೆ ಹೊಳಪಿನ ಟೈಲ್ಸನ್ನು ಮಾರ್ಬಲ್ ಅನ್ನುತ್ತದೆ. ಫೋಟೋದಲ್ಲಿ ಸೋಫಾ ಇಡಿಸುವುದು, ಒಣಗಿದ ಅಂಗಳಕ್ಕೆ ಹುಲ್ಲು ಹಾಕಿಸುವುದು ಬೇಡವೇ ಬೇಡ. ಗೋಡೆಯ ಬಿರುಕನ್ನು ಅಳಿಸುವುದಂತೂ ಮೋಸ.

"ಇಂಥವರಿಗೆ ಮಾತ್ರ" ಅಂತ ಜಾತಿ, ಧರ್ಮದ ಹೆಸರಲ್ಲಿ ಬರೆಸು ಅಂತ ಕೆಲವು ಮಾಲೀಕರು ಹೇಳುತ್ತಾರೆ. ನಾನು ಬರೆಸುವುದಿಲ್ಲ. ಅದನ್ನು ಅವರ ಮುಖಕ್ಕೇ ಹೇಳಿ ಒಂದೆರಡು ಮನೆ ಕಳೆದುಕೊಂಡೂ ಇದ್ದೇನೆ.

ಜಾಹೀರಾತು ಹಾಕಿದ ಮೇಲೆ ಮೊದಲ ಮೂರ್ನಾಲ್ಕು ಫೋನಿನಲ್ಲಿ ಏನು ಕೇಳಿದರು ಅಂತ ಬರೆದಿಡಿ. ಒಂದೇ ಪ್ರಶ್ನೆ ಎರಡು ಸಲ ಬಂದರೆ ಅದು ಜಾಹೀರಾತಿನಲ್ಲಿ ಇಲ್ಲ ಅಂತ ಅರ್ಥ. ಜೇವರ್ಗಿ ರಸ್ತೆ ಮನೆಗೆ ಮೊದಲ ದಿನ ಬಂದ ನಾಲ್ಕು ಫೋನಿನಲ್ಲಿ ಮೂವರು ಕೇಳಿದ್ದು ಒಂದೇ: "ಟ್ಯಾಂಕರ್ ಮನಿ ಮುಂದ ಬರ್ತದೇನ್ರಿ?" ಬರುತ್ತದೆ, ರಸ್ತೆ 30 ಅಡಿ ಇದೆಯಲ್ಲ. ಎಐ ತೆರೆಯಲಿಲ್ಲ. "ಟ್ಯಾಂಕರ್ ಬಾಗಿಲವರೆಗೆ ಬರುತ್ತದೆ" ಅಂತ ನಾನೇ ಒಂದು ಸಾಲು ಸೇರಿಸಿ ಮತ್ತೆ ಹಾಕಿದೆ.